ಲಂಚ, ಗಿಂಬಳ, ಮಾಮೂಲು, ಆಮಿಷ: ಅರ್ಥ ಮತ್ತು ಬಳಕೆ

‘ಲಂಚ’ಕ್ಕೆ ಸಮಾನಾರ್ಥಕ ಪದ ಕೇಳಿದರೆ ಗಿಂಬಳ, ಮಾಮೂಲು, ರುಷುವತ್ತು, ಆಮಿಷ ಎಂದು ಒಂದೇ ಉಸಿರಿಗೆ ಬರೆದುಬಿಡುತ್ತೇವೆ. ಅಂಕ ಸಿಗಬಹುದು. ಆದರೆ ವಾಕ್ಯದಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿ ನೋಡಿ, ಅರ್ಥ ಕೆಡುತ್ತದೆ.

ಅಧಿಕಾರವಿರುವವರಿಂದ ಕೆಲಸ ಮಾಡಿಸಿಕೊಳ್ಳಲು ಅಥವಾ ಆಗಬೇಕಾದ ಕೆಲಸವನ್ನು ತಪ್ಪಿಸಲು ಕೊಡುವ ಹಣ, ವಸ್ತು ಲಂಚ. ಪದ ಹಳೆಯದು. 12ನೆಯ ಶತಮಾನದ ಶರಣೆ ಸತ್ಯಕ್ಕನ ವಚನದಲ್ಲೇ ಲಂಚಕ್ಕೆ ಕೈಯೊಡ್ಡೆನೆಂಬ ಪಣವಿದೆ. ಪಡೆಯುವವನು ಪತ್ರಿಕೆಗಳಲ್ಲಿ ಲಂಚ ‘ಸ್ವೀಕರಿಸುತ್ತಾನೆ’, ಜನರ ಬಾಯಲ್ಲಿ ‘ತಿನ್ನುತ್ತಾನೆ’. ‘ಲಂಚಕೋರ’ದಲ್ಲಿರುವ ‘ಕೋರ’ ಕೂಡ ತಿನ್ನುವವನು ಎಂಬರ್ಥದ ಪಾರಸಿ ಮೂಲದ್ದೇ. ‘ಲಂಚಗುಳಿ’ಯದು ಕನ್ನಡದ್ದೇ ಪ್ರತ್ಯಯ. ‘ಅಂಜುಕುಳಿ’ಯ ‘ಕುಳಿ’ ಇಲ್ಲಿ ‘ಗುಳಿ’ಯಾಗಿದೆ. ಒಮ್ಮೆ ತಿಂದವನಲ್ಲ, ಸ್ವಭಾವವೇ ಅದಾದವನು. ಬೈಗುಳವಾಗಿ ಇದೇ ಹೆಚ್ಚು ಖಾರ ಎಂದು ನನ್ನ ಎಣಿಕೆ.

ಗಿಂಬಳ ಹುಟ್ಟಿದ ಬಗೆ ಸ್ವಾರಸ್ಯದ್ದು. ಊಟ-ಗೀಟ, ಪುಸ್ತಕ-ಗಿಸ್ತಕ ಎನ್ನುವಾಗ ಗೀಟ, ಗಿಸ್ತಕಗಳಿಗೆ ಸ್ವಂತ ಅರ್ಥವಿಲ್ಲ. ಸಂಬಳದ ಬೆನ್ನಿಗೆ ಬಂದ ಗಿಂಬಳ ಮಾತ್ರ ಜೋಡಿ ಬಿಟ್ಟು ಸ್ವತಂತ್ರವಾಗಿ ನಿಂತಿತು: ‘ಆ ಹುದ್ದೆಯಲ್ಲಿ ಸಂಬಳಕ್ಕಿಂತ ಗಿಂಬಳವೇ ಹೆಚ್ಚು.’ ಹಾಗಾಗಿ ಸಂಬಳವಿರುವ ನೌಕರನ ಮೇಲಾದಾಯಕ್ಕಷ್ಟೇ ಅದು ಹೊಂದುತ್ತದೆ. ‘ಗುತ್ತಿಗೆದಾರ ಸಚಿವರಿಗೆ ಗಿಂಬಳ ಕೊಟ್ಟ’ ಎಂದರೆ ಕಿವಿಗೆ ಒಗ್ಗುವುದಿಲ್ಲ, ಅಲ್ಲಿ ಲಂಚವೇ ಬೇಕು.

ಮಾಮೂಲು ಅರಬ್ಬಿಯಿಂದ ಬಂದದ್ದು, ವಾಡಿಕೆಯದು ಎಂಬ ಅರ್ಥ. ಕಂತು ತಪ್ಪದೆ ಸಲ್ಲುವ ಹಣಕ್ಕೆ ಈ ಹೆಸರು. ರುಷುವತ್ತು ಈಗ ಹಳೆಯ ಬರಹಗಳಲ್ಲೇ ಹೆಚ್ಚು.

ಆಮಿಷದಲ್ಲಿ ಎಚ್ಚರ ಬೇಕು. ಸಂಸ್ಕೃತದಲ್ಲಿ ಅದು ಮಾಂಸ, ಬೇಟೆಗಾರ ಇಡುವ ಎರೆ. ಅದಕ್ಕೇ ಆಮಿಷವನ್ನು ‘ಒಡ್ಡುತ್ತಾರೆ’. ಎದುರಿನವನು ಒಪ್ಪದಿದ್ದರೂ ಅದು ಆಮಿಷವೇ. ಹಣವೇ ಆಗಬೇಕೆಂದಿಲ್ಲ, ಹುದ್ದೆಯ ಭರವಸೆಯೂ ಸಾಕು. ಚುನಾವಣಾ ವರದಿಗಳಲ್ಲಿ ‘ಮತದಾರರಿಗೆ ಆಮಿಷ’ ಎಂದು ಓದುತ್ತೇವಲ್ಲ, ಕಾನೂನು ಅಲ್ಲಿ ಈ ಭೇದ ಮಾಡುವುದಿಲ್ಲ. 1951ರ ಜನಪ್ರಾತಿನಿಧ್ಯ ಕಾಯ್ದೆಯ 123ನೆಯ ಸೆಕ್ಷನ್ ಪ್ರಕಾರ ಮತಕ್ಕಾಗಿ ಉಡುಗೊರೆ ಕೊಡುವುದಷ್ಟೇ ಅಲ್ಲ, ಕೊಡುವೆನೆಂದು ಮಾತು ಕೊಡುವುದೂ ಲಂಚಗಾರಿಕೆ.

ಸರ್ಕಾರಿ ನೌಕರರ ವಿಷಯಕ್ಕೆ 1988ರ ಭ್ರಷ್ಟಾಚಾರ ತಡೆ ಕಾಯ್ದೆ ಇದೆ. 2018ರ ತಿದ್ದುಪಡಿಯಿಂದ ಅದರಲ್ಲಿ ‘ಅನುಚಿತ ಲಾಭ’ ಎಂಬ ವಿಶಾಲ ಪರಿಭಾಷೆ ಬಂದಿದೆ. ನೋಟಿನ ಕಂತೆಯಲ್ಲದ ಪ್ರಯೋಜನಗಳೂ ಅದರೊಳಗೆ ಬರುತ್ತವೆ. 7ನೆಯ ಸೆಕ್ಷನ್ನಿನಡಿ ಪಡೆದವರಿಗೆ 3ರಿಂದ 7 ವರ್ಷ ಜೈಲು. ಕೊಟ್ಟವರೂ 8ನೆಯ ಸೆಕ್ಷನ್ನಿನಡಿ ಅಪರಾಧಿಗಳೇ. ಬಲವಂತಕ್ಕೆ ಮಣಿದು ಕೊಟ್ಟವರು 7 ದಿನಗಳೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರಿಗೆ ರಕ್ಷಣೆಯಿದೆ.