ಬಜರ್‌ನ ಕೀರಲು ದನಿ ಯಾರ ಕಿವಿಗೆ?

ಮೈಕ್ರೋವೇವ್ ಒಲೆ, ಯುಪಿಎಸ್, ರಕ್ತದೊತ್ತಡ ನೋಡುವ ಯಂತ್ರ, ಚಾವಣಿಯ ಹೊಗೆ ಸೂಚಕ ಇವೆಲ್ಲವೂ ತಮ್ಮೊಳಗಿನ ಬಜರ್‌ನಿಂದ ಹೆಚ್ಚುಕಡಿಮೆ ಒಂದೇ ದನಿಯಲ್ಲಿ ಕೂಗುತ್ತವೆ. ಸಾಮಾನ್ಯವಾಗಿ ಅದು 2000ದಿಂದ 4000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ನಡುವಿನ ಕೀರಲು ಸ್ವರ. ಮನುಷ್ಯನ ಕಿವಿ ಅತಿ ಚುರುಕಾಗಿರುವುದು ಈ ಆಸುಪಾಸಿನಲ್ಲೇ ಎಂಬುದು ನಿಜ. ಆದರೆ ಈ ಸ್ವರ ಆಯ್ಕೆಯಾದದ್ದರಲ್ಲಿ ಕಿವಿಯ ಅನುಕೂಲದಷ್ಟೇ ಪಾಲು ಬಜರ್‌ನೊಳಗಿನ ಪುಟ್ಟ ತಗಡಿನ ಅನುಕೂಲಕ್ಕೂ ಇದೆ.

ಹಳೆಯ ಕಚೇರಿಗಳ ಬಜರ್ ಹೀಗಿರಲಿಲ್ಲ. ಸುರುಳಿಯಲ್ಲಿ ವಿದ್ಯುತ್ ಹರಿದೊಡನೆ ಅದು ಕಬ್ಬಿಣದ ಪಟ್ಟಿಯನ್ನು ಸೆಳೆಯುತ್ತಿತ್ತು. ಪಟ್ಟಿ ಸರಿದರೆ ಸಂಪರ್ಕ ಕಡಿದು, ಸ್ಪ್ರಿಂಗ್ ಅದನ್ನು ಮರಳಿ ಎಳೆಯುತ್ತಿತ್ತು. ಇದೇ ಮತ್ತೆ ಮತ್ತೆ ನಡೆದು 'ಗರ್ರ್' ಎಂಬ ಒರಟು ಸದ್ದು ಹೊರಡುತ್ತಿತ್ತು. ಸಂಪರ್ಕ ಬಿಂದುವಿನಲ್ಲಿ ಕಿಡಿ ಹಾರುತ್ತಿದ್ದುದರಿಂದ ಅದು ಸವೆಯುತ್ತಿತ್ತು, ಪಕ್ಕದ ರೇಡಿಯೊದಲ್ಲೂ ಗರಗರ ಕೇಳಿಸುತ್ತಿತ್ತು.

ಇಂದಿನ ಮ್ಯಾಗ್ನೆಟಿಕ್ ಬಜರ್‌ನಲ್ಲಿ ಆ ಕಿಡಿಯಿಲ್ಲ. ಸುರುಳಿ, ಅಯಸ್ಕಾಂತ, ಅದರ ಮುಂದೆ ತೆಳುವಾದ ಲೋಹದ ಪೊರೆ, ಅಷ್ಟೆ. 3 ಅಥವಾ 5 ವೋಲ್ಟ್ ಸಾಕು. ಆದರೆ ಹತ್ತಾರು ಮಿಲಿಆಂಪಿಯರ್ ವಿದ್ಯುತ್ ಕುಡಿಯುತ್ತದೆ. ಬ್ಯಾಟರಿಯ ಮೇಲೆ ಬದುಕುವ ಸಾಧನಕ್ಕೆ ಇದು ದುಬಾರಿ.

ಇಲ್ಲಿ ಪೀಜೊ ಬಜರ್ ಗೆಲ್ಲುತ್ತದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುದಾವೇಶ ಹುಟ್ಟುತ್ತದೆಂದು ಪಿಯರ್ ಮತ್ತು ಝಾಕ್ ಕ್ಯೂರಿ ಸೋದರರು 1880ರಲ್ಲಿ ತೋರಿಸಿದರು. ವೋಲ್ಟೇಜ್ ಕೊಟ್ಟರೆ ಹರಳೇ ಹಿಗ್ಗಿ ಕುಗ್ಗಬೇಕೆಂದು ಮರುವರ್ಷ ಭೌತವಿಜ್ಞಾನಿ ಲಿಪ್‌ಮನ್ ಲೆಕ್ಕ ಹಾಕಿದರು. ಸೋದರರು ಅದನ್ನೂ ಖಚಿತಪಡಿಸಿದರು. ಪೀಜೊ ಬಜರ್‌ನಲ್ಲಿ ಹಿತ್ತಾಳೆಯ ಬಿಲ್ಲೆಗೆ ಸೀಸ, ಜಿರ್ಕೋನಿಯಂ, ಟೈಟಾನಿಯಂ ಬೆರೆತ ಸೆರಾಮಿಕ್ ಅಂಟಿಸಿರುತ್ತಾರೆ. ಸೆರಾಮಿಕ್ ಹಿಗ್ಗಿದರೂ ಹಿತ್ತಾಳೆ ಹಿಗ್ಗದು. ಹಾಗಾಗಿ ಬಿಲ್ಲೆ ಹಪ್ಪಳದಂತೆ ಡೊಂಕಾಗುತ್ತದೆ, ಗಾಳಿಯನ್ನು ತಳ್ಳುತ್ತದೆ. ಕೆಲವೇ ಮಿಲಿಆಂಪಿಯರ್‌ನಲ್ಲಿ ಕಿವಿ ಗಡಚಿಕ್ಕುವಷ್ಟು ಸದ್ದು! ಆದರೆ ವೋಲ್ಟೇಜ್ ಹೆಚ್ಚು ಬೇಕು. ಜತೆಗೆ ಬಿಲ್ಲೆ ತನ್ನ ಅನುರಣನೆಯ ಆವರ್ತನದಲ್ಲಿ, ಅಂದರೆ ಅದು ಸಹಜವಾಗಿ ಕಂಪಿಸುವ ವೇಗದಲ್ಲಿ, ಮಾತ್ರ ಜೋರಾಗಿ ಕೂಗುತ್ತದೆ. ಅದರಿಂದ ಸರಿದರೆ ದನಿ ಬೇಗನೆ ಕುಗ್ಗುತ್ತದೆ. ಬಿಲ್ಲೆ ಚಿಕ್ಕದಾದಷ್ಟೂ ಈ ಆವರ್ತನ ಮೇಲೇರುತ್ತದೆ.

ಅಂಗಡಿಯಲ್ಲಿ ಕೇಳುವ 'ಆಕ್ಟಿವ್', 'ಪ್ಯಾಸಿವ್' ಎಂಬುದು ಬೇರೆಯದೇ ವಿಂಗಡಣೆ. ಆಕ್ಟಿವ್ ಬಜರ್‌ನೊಳಗೇ ವಿದ್ಯುತ್ತನ್ನು ಏರಿಳಿಸುವ ಆಂದೋಲಕ ಇರುತ್ತದೆ, ಬ್ಯಾಟರಿ ಸೋಕಿಸಿದರೆ ಕೂಗುತ್ತದೆ. ಪ್ಯಾಸಿವ್ ಆದರೆ 'ಟಕ್' ಎಂದು ಸುಮ್ಮನಾಗುತ್ತದೆ. ಅದಕ್ಕೆ ಹೊರಗಿನಿಂದ ಏರಿಳಿಯುವ ಸಂಕೇತ ಕೊಡಬೇಕು. ಬೇರೆ ಬೇರೆ ಸ್ವರ ನುಡಿಸಬೇಕೆನ್ನುವವರು ಇದನ್ನೇ ಕೊಳ್ಳಬೇಕು.

ಈಗ ಕಿವಿಯ ವಿಷಯ. ಮಂದ್ರ ಸ್ವರ ಬಂದ ದಿಕ್ಕನ್ನು ಎರಡು ಕಿವಿಗಳಿಗೆ ಅದು ತಲುಪುವ ಕಾಲದ ಅಂತರದಿಂದಲೂ, ತಾರಸ್ವರದ ದಿಕ್ಕನ್ನು ಜೋರಿನ ಅಂತರದಿಂದಲೂ ಮಿದುಳು ಗುರುತಿಸುತ್ತದೆ. ಸುಮಾರು 1500ರಿಂದ 3000 ಹರ್ಟ್ಸ್ ನಡುವೆ ಎರಡೂ ಉಪಾಯಗಳು ಸೊರಗುತ್ತವೆ. ಬ್ಯಾಟರಿ ಮುಗಿದು 'ಕೀಂಕ್' ಎನ್ನುವ ಯಂತ್ರ ಎಲ್ಲಿದೆಯೆಂದು ಮನೆಯೆಲ್ಲ ಹುಡುಕಬೇಕಾಗುವುದಕ್ಕೆ ಇದೂ ಒಂದು ಕಾರಣ.

ಇದು ಬರೀ ಕಿರಿಕಿರಿ. ನನ್ನನ್ನು ನಿಜಕ್ಕೂ ಕಾಡುವುದು ಹಿರಿಯರ ಪಾಡು. ವಯಸ್ಸಾದಂತೆ ಮೊದಲು ಮಂಕಾಗುವುದು ಎತ್ತರದ ಸ್ವರಗಳ ಗ್ರಹಿಕೆ. ಹೊಗೆ ಸೂಚಕಗಳ ಪೀಜೊ ಸುಮಾರು 3000 ಹರ್ಟ್ಸ್‌ನಲ್ಲಿ ಕಿರುಚಿದರೂ ನಿದ್ದೆಯಲ್ಲಿರುವ ವೃದ್ಧರು ಏಳದೆ ಇರಬಹುದು. 520 ಹರ್ಟ್ಸ್‌ನ, ಥಟ್ಟನೆ ಏರಿ ಥಟ್ಟನೆ ಇಳಿಯುವ ಚೌಕಾಕಾರದ ಅಲೆಯ ಸದ್ದು ಹೆಚ್ಚು ಜನರನ್ನು ಎಬ್ಬಿಸುತ್ತದೆಂದು ಅಧ್ಯಯನಗಳು ತೋರಿಸಿವೆ. ಅಮೆರಿಕದ ಅಗ್ನಿ ಎಚ್ಚರಿಕೆ ಸಂಹಿತೆ ಎನ್‌ಎಫ್‌ಪಿಎ 72 ಮಲಗುವ ಜಾಗಗಳಿಗೆ ಈ ಮಂದ್ರ ಸ್ವರದ ನಿಯಮವನ್ನು 2010ರ ಆವೃತ್ತಿಯಲ್ಲೇ ಸೇರಿಸಿತು. ಪುಟ್ಟ ಪೀಜೊ ಬಿಲ್ಲೆಯಿಂದ ಅಷ್ಟು ತಗ್ಗಿನ ಸ್ವರವನ್ನು ಜೋರಾಗಿ ಹೊರಡಿಸುವುದು ಕಷ್ಟ. ಸ್ಪೀಕರ್ ಬೇಕು, ವಿದ್ಯುತ್ತೂ ಹೆಚ್ಚು ಬೇಕು. ಅದಕ್ಕೇ ಅಗ್ಗದ ಸಾಧನಗಳು ಕೀರಲು ದನಿಯನ್ನು ಬಿಡುವುದಿಲ್ಲ. ಹಿರಿಯರಿರುವ ಮನೆಗೆ ಅಲಾರಂ ಕೊಳ್ಳುವವರು ಡೆಸಿಬೆಲ್ ಜತೆಗೆ ಆವರ್ತನವನ್ನೂ ವಿಚಾರಿಸಬೇಕು. ಮಂದ್ರದ್ದು ಸಿಗದಿದ್ದರೆ ಮಿನುಗುವ ದೀಪವನ್ನೋ ದಿಂಬಿನಡಿ ಕಂಪಿಸುವ ಸಾಧನವನ್ನೋ ಅದಕ್ಕೆ ಜೋಡಿಸಬಹುದೇ ಎಂದು ಕೇಳಬೇಕು.