ಫ್ಲೋರೋಸಿಸ್: ಹಲ್ಲು ತಿಕ್ಕದವರ ಕಾಯಿಲೆ ಅಲ್ಲ

ಮತ್ತೆ ಅದೇ ವಾಟ್ಸಾಪ್ ಮೆಸೇಜ್ ಬಂತು. ಅಮೆರಿಕದಲ್ಲೇ ಫ್ಲೋರೈಡ್ ಬ್ಯಾನ್ ಆಗಿದೆ, ನಮಗೆ ಮಾತ್ರ ಪೇಸ್ಟಿನಲ್ಲಿ ಹಾಕಿ ಫ್ಲೋರೋಸಿಸ್ ತರಿಸ್ತಿದ್ದಾರೆ, ಎಲ್ಲರಿಗೂ ಕಳಿಸಿ ಅಂತ. ಕೆಳಗೆ ಕಂದು ಹಲ್ಲಿನ ಒಂದು ಮಗುವಿನ ಫೋಟೋ. ಫ್ಲೋರೋಸಿಸ್ ಅಂದರೆ ಫ್ಲೋರೈಡ್ ಮೈಗೆ ಜಾಸ್ತಿ ಸೇರಿ ಹಲ್ಲಿಗೆ ಕಲೆ ಬೀಳುವುದು. ಗದಗ ಜಿಲ್ಲೆಯ ಮುಂಡರಗಿ ಕಡೆಯ ಶಾಲೆಗಳಲ್ಲಿ ಇದನ್ನೇ ಇನ್ನೊಂದು ರೀತಿ ತಪ್ಪಾಗಿ ತಿಳಿಯುತ್ತಾರೆ. ಹಲ್ಲು ತಪಾಸಣೆಗೆ ಸಾಲಾಗಿ ನಿಂತ ಮಕ್ಕಳಲ್ಲಿ ಕರೆಗಟ್ಟಿದ ಹಲ್ಲಿನವರನ್ನು ಪಕ್ಕಕ್ಕೆ ಕರೆದು, ಎಲ್ಲರ ಮುಂದೆಯೇ "ದಿನಾ ಹಲ್ಲು ತಿಕ್ಕೋದಿಲ್ಲೇನು?" ಅಂತ ಗದರುತ್ತಾರೆ. ಆ ಮಗು ದಿನಕ್ಕೆ ಎರಡು ಸಲ ತಿಕ್ಕಿದರೂ ಆ ಕಲೆ ಹೋಗುವುದಿಲ್ಲ. ಅದು ಹಲ್ಲಿನ ಮೇಲೆ ಅಂಟಿದ್ದಲ್ಲ, ಹಲ್ಲು ದವಡೆಯೊಳಗೆ ತಯಾರಾಗುವಾಗಲೇ ಸೇರಿಕೊಂಡದ್ದು.

ಪದ ಬಂದ ದಾರಿ ನೋಡಿದರೆ ಅರ್ಧ ಗೊಂದಲ ತೀರುತ್ತದೆ. ಮೂಲ ಲ್ಯಾಟಿನ್. 'ಫ್ಲುಯೆರೆ' ಅಂದರೆ ಹರಿಯುವುದು. 16ನೇ ಶತಮಾನದಲ್ಲಿ ಜರ್ಮನಿಯ ಗಣಿಗಳಲ್ಲಿ ಅದಿರು ಕಾಯಿಸುವಾಗ ಒಂದು ಜಾತಿಯ ಕಲ್ಲು ಬೆರೆಸುತ್ತಿದ್ದರು, ಅದು ಸೇರಿದರೆ ಅದಿರು ಬೇಗ ಕರಗಿ ಹರಿಯುತ್ತಿತ್ತು. ಹಾಗಾಗಿ ಆ ಕಲ್ಲಿಗೆ ಫ್ಲೋರ್‌ಸ್ಪಾರ್ ಅಂತ ಹೆಸರು ನಿಂತಿತು. ಕಲ್ಲಿನೊಳಗಿದ್ದ ಮೂಲವಸ್ತುವಿಗೆ ಫ್ಲೋರಿನ್ ಅಂದರು. ಅದನ್ನು ಬೇರ್ಪಡಿಸಿದ್ದು 1886ರಲ್ಲಿ, ಫ್ರಾನ್ಸಿನ ಆನ್ರಿ ಮುವಾಸಾನ್. ಅದು ಬೇರೆ ಧಾತುವಿನ ಜೊತೆ ಕೂಡಿಕೊಂಡಾಗ ಫ್ಲೋರೈಡ್. ಅದು ಮಿತಿ ಮೀರಿ ಮೈಗೆ ಸೇರಿದಾಗ ಆಗುವ ಅವಸ್ಥೆ ಫ್ಲೋರೋಸಿಸ್.

ಅಂದರೆ ಹೆಸರು ಹುಟ್ಟಿದ್ದೇ ಕಲ್ಲಿನಿಂದ. ಗದಗ ಸೀಮೆಯಲ್ಲಿ ಆಗಿರುವುದೂ ಕಲ್ಲಿನ ಕೆಲಸವೇ. ಬೋರ್ ಆಳಕ್ಕೆ ಇಳಿದಷ್ಟೂ ನೀರು ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ನಿಂತಿರುತ್ತದೆ, ಬಂಡೆಯೊಳಗಿನ ಫ್ಲೋರೈಡ್ ಕರಗಿ ಅದರಲ್ಲಿ ಸೇರುತ್ತದೆ. ಯಾರೂ ಬೆರೆಸಿದ್ದಲ್ಲ. ಪಂಚಾಯ್ತಿಯ ನೀರುಗಂಟಿ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರ್‌ನಿಂದ ಬರುವುದು ಕ್ಲೋರಿನ್, ಅದೇ ಬೇರೆ. ಇವೆರಡನ್ನೂ ಒಂದೇ ಅಂದುಕೊಂಡು ಪಾಪ ಆ ನೀರುಗಂಟಿಯ ಜೊತೆ ಜಗಳಕ್ಕೆ ನಿಲ್ಲುವವರಿದ್ದಾರೆ. ಸವಳು ನೀರಿಗೂ ಇದಕ್ಕೂ ಸಂಬಂಧ ಕಟ್ಟಬೇಡಿ. ಸವಳು ನಾಲಿಗೆಗೆ ಗೊತ್ತಾಗುತ್ತದೆ, ನಮ್ಮ ಬೋರ್ ನೀರಿನಲ್ಲಿರುವಷ್ಟು ಫ್ಲೋರೈಡ್ ಗೊತ್ತಾಗುವುದಿಲ್ಲ. ಕುಡಿಯಲು ಸಿಹಿ ಅನಿಸುವ ನೀರಿನಲ್ಲೂ ಅದು ಜಾಸ್ತಿ ಇರಬಹುದು.

ಈಗ ನನಗೆ ತಡೆಯಲಾಗದ ಗೊಂದಲಕ್ಕೆ ಬರುತ್ತೇನೆ. ಫ್ಲೋರೋಸಿಸ್ ಹಲ್ಲನ್ನು ಹುಳ ಹತ್ತಿದ ಹಲ್ಲು ಅನ್ನುವುದು. ಹುಳುಕು ಆಗುವುದು ಸಿಹಿ ತಿಂಡಿಯ ಚೂರು ಹಲ್ಲಿಗೆ ಅಂಟಿ, ಬ್ಯಾಕ್ಟೀರಿಯಾ ಆಮ್ಲ ಮಾಡಿ, ಹಲ್ಲು ಕರಗಿದಾಗ. ಸಾಮಾನ್ಯವಾಗಿ ದವಡೆ ಹಲ್ಲಿನ ಗುಣಿಯಲ್ಲೋ ಎರಡು ಹಲ್ಲಿನ ಸಂದಿಯಲ್ಲೋ ಒಂದು ಕಡೆ ಶುರುವಾಗುತ್ತದೆ. ಫ್ಲೋರೋಸಿಸ್ ನೋಡಬೇಕೆಂದರೆ ಮಗುವಿನ ಮೇಲಿನ ಮುಂದಿನ ಎರಡು ಹಲ್ಲನ್ನು ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿ. ಸೀಮೆಸುಣ್ಣದಲ್ಲಿ ಅಡ್ಡ ಗೆರೆ ಎಳೆದ ಹಾಗೆ ಬಿಳಿ ಪಟ್ಟಿಗಳು, ಎಡ ಬಲ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ತರಹ. ಜಾಸ್ತಿಯಾದರೆ ಹಳದಿ, ಆಮೇಲೆ ಕಂದು, ತೀರಾ ಆದರೆ ಸಣ್ಣ ಸಣ್ಣ ಗುಳಿ. ಗುಟ್ಕಾ ಕಲೆಯನ್ನು ಹಲ್ಲಿನ ಡಾಕ್ಟರು ಕೆರೆದು ತೆಗೆಯಬಹುದು, ಇದನ್ನು ಹಾಗೆ ತೆಗೆಯಲು ಬರುವುದಿಲ್ಲ.

ಎರಡೂ ಬೇರೆ ಅನ್ನುವುದಕ್ಕೆ ಇತಿಹಾಸವೇ ಸಾಕ್ಷಿ. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಹಲ್ಲಿನ ಡಾಕ್ಟರು ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸಿಗೆ ಹೋದಾಗ ಊರಿನ ಎಷ್ಟೋ ಜನರ ಹಲ್ಲು ಕಂದು. ಆದರೆ ಆ ಹಲ್ಲುಗಳಿಗೆ ಹುಳುಕು ಕಡಿಮೆ ಇದ್ದದ್ದನ್ನು ಅವರೇ ಗಮನಿಸಿದರು. ಕಾರಣ ನೀರಿನ ಫ್ಲೋರೈಡ್ ಅಂತ ಸಿಕ್ಕಿದ್ದು 1931ರಲ್ಲಿ. ಅಲ್ಲಿಂದ ಮುಂದೆ, ಕಲೆ ಬೀಳದಷ್ಟು ಸ್ವಲ್ಪವೇ ಇದ್ದರೆ ಹುಳುಕು ತಡೆಯುತ್ತದಲ್ವಾ ಅನ್ನುವ ಯೋಚನೆ ಬೆಳೆದು, 1945ರಲ್ಲಿ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನ ನಲ್ಲಿ ನೀರಿಗೆ ಅಳತೆ ಮಾಡಿ ಫ್ಲೋರೈಡ್ ಸೇರಿಸಿದರು. ಈಗ ಅಲ್ಲಿ ಹೇಳುವ ಅಳತೆ ಲೀಟರಿಗೆ 0.7 ಮಿಲಿಗ್ರಾಂ. 2025ರಲ್ಲಿ ಯೂಟಾ, ಫ್ಲಾರಿಡಾ ರಾಜ್ಯಗಳು ನಿಲ್ಲಿಸಿದ್ದು ಈ ಸೇರಿಸುವುದನ್ನು. ಪೇಸ್ಟನ್ನಲ್ಲ, ಇಡೀ ಅಮೆರಿಕದಲ್ಲೂ ಅಲ್ಲ. ಅವರ ಜಗಳ ಹಾಕಬೇಕೋ ಬೇಡವೋ ಅಂತ, ನಮ್ಮ ಕಷ್ಟ ತೆಗೆಯುವುದು ಹೇಗೆ ಅಂತ.

ಅದಕ್ಕೇ "ನಮ್ಮೂರ ನೀರಿನಲ್ಲಿ ಫ್ಲೋರೈಡ್ ಇದೆ" ಅನ್ನುವ ಮಾತಿಗೆ ಅರ್ಥವಿಲ್ಲ. ಎಲ್ಲ ನೀರಿನಲ್ಲೂ ಒಂದಿಷ್ಟು ಇರುತ್ತದೆ. ಸಾರಿಗೆ ಉಪ್ಪು ಇದ್ದ ಹಾಗೆ, ಕೇಳಬೇಕಾದ್ದು ಎಷ್ಟು ಅಂತ. ನಮ್ಮ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಪೇಸ್ಟಿನ ವಿಷಯ ಬೇರೆ. ಅದನ್ನು ಉಗುಳುತ್ತೇವೆ. 3 ವರ್ಷದೊಳಗಿನ ಮಕ್ಕಳಿಗೆ ಅಕ್ಕಿ ಕಾಳಿನಷ್ಟು, 6 ವರ್ಷದ ತನಕ ಬಟಾಣಿಯಷ್ಟು ಸಾಕು, ನುಂಗದಂತೆ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.

ಸರ್ಕಾರ ಸುಮ್ನೆ ಕೂತಿಲ್ಲ. ಫ್ಲೋರೋಸಿಸ್ ತಡೆಗೇ ಅಂತ 2008-09ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಹಲ್ಲಿಲ್ಲದ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ ದಂತಭಾಗ್ಯ ರಾಜ್ಯದ್ದು, ಒಳ್ಳೆಯ ಕೆಲಸ, ಎಷ್ಟೋ ಅಜ್ಜ ಅಜ್ಜಿಯರು ರೊಟ್ಟಿ ಕಡಿಯುವ ಹಾಗಾಯಿತು. ಆದರೆ ಫ್ಲೋರೋಸಿಸ್ ವಿಷಯದಲ್ಲಿ ನಿಜವಾದ ಗೆಲುವು ಬಂದದ್ದು ನೀರಿನ ಕಡೆಯಿಂದ. ಮಲಪ್ರಭೆ ನೀರು ಕುಡಿದು ಬೆಳೆದ ಹುಬ್ಬಳ್ಳಿ-ಧಾರವಾಡದ ಮಕ್ಕಳಿಗೆ ಈ ಕಾಟ ಅಷ್ಟಾಗಿ ಇಲ್ಲ, ಹೊಳೆ ನೀರಿನಲ್ಲಿ ಫ್ಲೋರೈಡ್ ಕಡಿಮೆ. ಗದಗ ಜಿಲ್ಲೆಯ ಹಳ್ಳಿಗಳಿಗೂ ತುಂಗಭದ್ರೆಯ ನೀರು ಪೈಪಿನಲ್ಲಿ ಬಂತು, ನಾಣ್ಯ ಹಾಕಿ ಕೊಡ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳು ಬಂದವು.

ತೊಡಕು ಎಲ್ಲಿ ಅಂದರೆ, ಘಟಕದ ಮೆಂಬ್ರೇನ್ (ನೀರು ಸೋಸುವ ಪೊರೆ) ಹಾಳಾದರೆ ಬದಲಿಸುವವರಿಲ್ಲದೆ ತಿಂಗಳುಗಟ್ಟಲೆ ಬೀಗ ಬೀಳುತ್ತದೆ, ಹೊಳೆ ನೀರು ನಾಲ್ಕು ದಿನ ತಪ್ಪಿದರೆ ಊರು ಮತ್ತೆ ಬೋರಿಗೇ ಬರುತ್ತದೆ. ಇದಕ್ಕಿಂತ ದೊಡ್ಡದು ಅಡಿಗೆಮನೆಯಲ್ಲಿದೆ. ಕುಡಿಯಲು ಕ್ಯಾನ್ ನೀರು, ಬೇಳೆ ಬೇಯಿಸಲು, ಅನ್ನಕ್ಕೆ, ಚಹಾಕ್ಕೆ ಬೋರ್ ನೀರು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೇ. ಬಿಸಿಯೂಟ, ಅಂಗನವಾಡಿಯ ಅಡಿಗೆ ಯಾವ ನೀರಿನಲ್ಲಿ ಆಗುತ್ತಿದೆ ಅಂತ ತಪಾಸಣೆ ಶಿಬಿರಕ್ಕೆ ಬಂದವರು ಕೇಳಿದ್ದನ್ನು ನಾನು ನೋಡಿಲ್ಲ. ಕಾಯಂ ಹಲ್ಲುಗಳಿಗೆ ಕಲೆ ಬೀಳುವುದು ಮಗುವಿಗೆ ಸುಮಾರು 8 ವರ್ಷ ಆಗುವ ತನಕ ಕುಡಿದ, ಉಂಡ ನೀರಿನಿಂದ. ಹತ್ತನೇ ಕ್ಲಾಸಿನವರ ಬಾಯಿ ತೆಗೆಸಿ ಲೆಕ್ಕ ಬರೆದರೆ ಹಳೆಯ ನೀರಿನ ಲೆಕ್ಕ ಸಿಗುತ್ತದೆ, ಅಷ್ಟೇ. ಈಗಿನ ಕಾರ್ಯಕ್ರಮ ಕೆಲಸ ಮಾಡಿತೋ ಇಲ್ಲವೋ ಅಂತ ತಿಳಿಯುವುದು ಇವತ್ತು ಅಂಗನವಾಡಿಯಲ್ಲಿ ಇರುವವರಿಗೆ ಕಾಯಂ ಹಲ್ಲು ಬಂದ ಮೇಲೆ.

ಜಲಜೀವನ್ ಮಿಷನ್ ಅಡಿ ಹಳ್ಳಿಯ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡುತ್ತಾರೆ, ಅದರಲ್ಲಿ ಫ್ಲೋರೈಡೂ ನೋಡಬಹುದು. ನಿಮ್ಮ ಪಂಚಾಯ್ತಿಯಲ್ಲಿ ಕಿಟ್ ಎಲ್ಲಿದೆ ಅಂತ ಕೇಳಿ. ಒಂದೊಂದು ಬೋರಿನದೂ ಬೇರೆ ಬೇರೆ ಪರೀಕ್ಷೆ ಆಗಬೇಕು, ಪಕ್ಕಪಕ್ಕದ ಎರಡು ಬೋರಿನಲ್ಲೂ ಅಳತೆ ಬೇರೆ ಬರಬಹುದು. ಬೇಸಿಗೆಯಲ್ಲಿ ಇನ್ನೊಮ್ಮೆ ನೋಡಿಸಿ.