‘ಸೂರ್ಯ’ ಕಾಂಜಿ: ನಿಚಿ, ಜಿತ್ಸು, ಹಿ, ಕ, ಜೊತೆಗೆ 4 ಮತ್ತು 8ನೇ ತಾರೀಖಿನ ಗೊಂದಲ

ನಿಂತ ಆಯತ, ನಡುವೆ ಒಂದು ಅಡ್ಡಗೆರೆ. ಇದೇ ‘ಸೂರ್ಯ’ ಕಾಂಜಿ (日). ಕಾಂಜಿ ಎಂದರೆ ಜಪಾನೀ ಬರಹದಲ್ಲಿ ಬಳಸುವ ಚೀನೀ ಮೂಲದ ಅಕ್ಷರ. ಜಪಾನಿನ ಶಾಲೆಗಳಲ್ಲಿ ಒಂದನೇ ತರಗತಿಗೆ ಕಲಿಸುವ 80 ಕಾಂಜಿಗಳಲ್ಲಿ ಇದೂ ಒಂದು. ಬರೆಯಲು 4 ಗೆರೆ: ಎಡಗಡೆಯ ನೇರಗೆರೆ, ಮೇಲೆ ಬಲಕ್ಕೆ ಹೋಗಿ ಹಾಗೇ ಕೆಳಕ್ಕೆ ಇಳಿಯುವ ಗೆರೆ, ನಡುವಿನ ಅಡ್ಡಗೆರೆ, ಕೊನೆಗೆ ತಳ. ಚೌಕಟ್ಟು ಮುಚ್ಚಿ ಆಮೇಲೆ ನಡುಗೆರೆ ಎಳೆಯುವುದು ತಪ್ಪು. ಒಳಗೆ ಎರಡು ಅಡ್ಡಗೆರೆ ಬಿದ್ದರೆ ಅದು ಕಣ್ಣು (ಮೆ). ನೆತ್ತಿಯ ಮೇಲೆ ಚಿಕ್ಕ ಓರೆಗೆರೆ ಬಂದರೆ ಬಿಳಿ (ಶಿರೊ).

ಅರ್ಥ: ಸೂರ್ಯ, ಹಗಲು, ದಿನ, ತಾರೀಖು. ಜಪಾನ್ ಎಂಬುದರ ಚುಟುಕು ರೂಪವೂ ಇದೇ. ಪದಕ್ಕೆ ತಕ್ಕಂತೆ ಇದನ್ನು ನಿಚಿ, ಜಿತ್ಸು, ಹಿ, ಕ ಎಂದು ಬೇರೆ ಬೇರೆಯಾಗಿ ಓದುತ್ತಾರೆ. ‘ನಿಚಿಯೋಬಿ’ ನಮ್ಮ ಭಾನುವಾರವೇ. ಅಲ್ಲಿ ಈ ಒಂದೇ ಕಾಂಜಿ ಮೊದಲು ‘ನಿಚಿ’ ಎಂದೂ ಕೊನೆಗೆ ‘ಬಿ’ ಎಂದೂ ಓದಿಸಿಕೊಳ್ಳುತ್ತದೆ. ‘ಹಿ’ ಪದದ ಬಾಲದಲ್ಲಿ ‘ಬಿ’ ಆಗುವುದು ಮಾಮೂಲು: ತಾಂಜೋಬಿ (ಹುಟ್ಟುಹಬ್ಬ).

‘ನಿಚಿ’ ಪದದ ಮೊದಲಲ್ಲಿ ಬಂದು ಮುಂದೆ ಕ, ಸ, ತ ವರ್ಗದ ಸದ್ದು ಇದ್ದರೆ ‘ಚಿ’ ಕರಗಿ ಒತ್ತಕ್ಷರವಾಗುತ್ತದೆ: ನಿಕ್ಕಿ (ದಿನಚರಿ), ನಿಶ್ಶೊಕು (ಸೂರ್ಯಗ್ರಹಣ), ನಿತ್ತೇ (ಕಾರ್ಯಕ್ರಮದ ವೇಳಾಪಟ್ಟಿ). ‘ಜಿತ್ಸು’ ಹೆಚ್ಚಾಗಿ ಪದದ ಕೊನೆಯಲ್ಲಿ: ಕ್ಯೂಜಿತ್ಸು (ರಜೆ), ಹೇಜಿತ್ಸು (ಕೆಲಸದ ದಿನ), ಹೊಂಜಿತ್ಸು (ಇಂದು, ಅಂಗಡಿ-ಕಚೇರಿಯ ಶಿಷ್ಟ ಮಾತಿನಲ್ಲಿ). ಆದರೆ ‘ಮೈನಿಚಿ’ (ದಿನಾಲೂ) ಈ ಅಂದಾಜಿಗೆ ಸಿಗದು. ಅದನ್ನು ಹಾಗೇ ನೆನಪಿಡಬೇಕು.

ಈಗ ತಾರೀಖು. ಎಲ್ಲರೂ ಮುಗ್ಗರಿಸುವುದು ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ. 2ರಿಂದ 10ರವರೆಗೆ ಬಾಲ ‘ಕ’: ಫುತ್ಸುಕ, ಮಿಕ್ಕ, ಯೊಕ್ಕ, ಇತ್ಸುಕ, ಮುಇಕ, ನಾನೊಕ, ಯೋಕ, ಕೊಕೊನೊಕ, ತೋಕ. ಮೊದಲ ತಾರೀಖು ‘ತ್ಸುಇತಾಚಿ’. ತಿಂಗಳು ಶುರುವಾಗುವುದು ಎಂಬರ್ಥದ ‘ತ್ಸುಕಿತಾಚಿ’ ಸವೆದು ಬಂದ ರೂಪ. ‘ಒಂದು ದಿನ’ ಎಂಬ ಅವಧಿ ಹೇಳುವಾಗ ಅದೇ ಬರಹವನ್ನು ‘ಇಚಿನಿಚಿ’ ಎಂದು ಓದಬೇಕು. 11ರಿಂದ ಮುಂದೆ ಸಂಖ್ಯೆಗೆ ‘ನಿಚಿ’ ಸೇರಿಸಿದರೆ ಸಾಕು. ಹೊರತು ಮೂರೇ: 14 ಜೂಯೊಕ್ಕ, 20 ಹಾತ್ಸುಕ, 24 ನಿಜೂಯೊಕ್ಕ.

4 ಯೊಕ್ಕ, 8 ಯೋಕ. ಕಿವಿಗೆ ಇವೆರಡು ಯಾಕೆ ಒಂದೇ ಥರ ಕೇಳಿಸುತ್ತವೆ? ಛಂದಸ್ಸಿನ ಲೆಕ್ಕ ಹಾಕಿ ನೋಡಿ. ಯೊಕ್ಕ: ಒತ್ತಕ್ಷರದ ಹಿಂದಿನ ‘ಯೊ’ ಗುರು, ‘ಕ್ಕ’ ಲಘು. ಯೋಕ: ದೀರ್ಘವಾದ್ದರಿಂದ ‘ಯೋ’ ಗುರು, ‘ಕ’ ಲಘು. ಎರಡಕ್ಕೂ 3 ಮಾತ್ರೆ. ಜಪಾನೀಯರ ಎಣಿಕೆಯಲ್ಲೂ ಎರಡಕ್ಕೂ 3 ತಾಳ. ಅಂದಮೇಲೆ ‘ಯಾವುದು ಉದ್ದ’ ಎಂದು ಆಲಿಸಿ ಪ್ರಯೋಜನವಿಲ್ಲ. ನಡುವಿನ ಮಾತ್ರೆಯಲ್ಲಿ ಏನಾಗುತ್ತದೆ ಎಂಬುದನ್ನೇ ಹಿಡಿಯಬೇಕು: ಸದ್ದು ಕಟ್ಟಿ ನಿಂತರೆ 4, ಸ್ವರ ಹರಿಯುತ್ತಲೇ ಇದ್ದರೆ 8. ಇಂಗ್ಲಿಷ್ ಅಕ್ಷರದಲ್ಲಿ ಟಿಪ್ಪಣಿ ಬರೆದುಕೊಂಡರೆ ದೀರ್ಘದ ಗುರುತು ಬಿಟ್ಟುಹೋಗಿ ಎರಡೂ ಕಲೆಸುತ್ತವೆ. ಕನ್ನಡದಲ್ಲೇ ಬರೆದುಕೊಳ್ಳಿ, ನಮ್ಮ ಲಿಪಿಯಲ್ಲಿ ಒ-ಓ ಬೇರೆ, ಒತ್ತಕ್ಷರ ಕಣ್ಣಿಗೆ ಕಾಣುತ್ತದೆ.

ಇನ್ನೊಂದು ಆಧಾರ: ಹಳೆಯ ಎಣಿಕೆಯಲ್ಲಿ 4 ‘ಯೊ’, 8 ‘ಯ’. ಅಲ್ಲಿ ಸಂಖ್ಯೆ ಇಮ್ಮಡಿಯಾದಾಗ ವ್ಯಂಜನ ಉಳಿದು ಸ್ವರ ಮಾತ್ರ ಬದಲಾಗುತ್ತದೆ: 3 ‘ಮಿ’, 6 ‘ಮು’, 4 ‘ಯೊ’, 8 ‘ಯ’. ‘ಯೋಕ’ದ ದೀರ್ಘ ಓ ಆ ‘ಯ’ದಿಂದಲೇ ಬಂದದ್ದು. ಇನ್ನು 18, 28ಕ್ಕೆ ‘ಯೋಕ’ ಬರುವುದೇ ಇಲ್ಲ (ಜೂಹಾಚಿನಿಚಿ, ನಿಜೂಹಾಚಿನಿಚಿ). ಹಾಗಾಗಿ ಈ ಗೊಂದಲ ತಿಂಗಳಿಗೆ ಎರಡೇ ದಿನದ್ದು.

ಕ್ಯೋ (ಇವತ್ತು), ಕಿನೋ (ನಿನ್ನೆ), ಆಶಿತಾ (ನಾಳೆ): ಮೂರರಲ್ಲೂ ಎರಡನೆಯ ಕಾಂಜಿ ಇದೇ. ಓದು ಮಾತ್ರ ಇಡೀ ಪದಕ್ಕೆ ಸೇರಿದ್ದು, ಬಿಡಿಸಿ ಹಂಚಲು ಹೋಗಬೇಡಿ. ಜಪಾನಿನ ಹೆಸರಿಗೆ ನಿಹೊನ್, ನಿಪ್ಪೊನ್ ಎರಡೂ ಸರಿ. ಒಂದನ್ನೇ ಆರಿಸುವ ಅಗತ್ಯವಿಲ್ಲವೆಂದು ಜಪಾನ್ ಸರ್ಕಾರವೇ 2009ರಲ್ಲಿ ಹೇಳಿತು.

‘ಮಿಕ್ಕ’ ಎಂದರೆ 3ನೇ ತಾರೀಖೂ ಹೌದು, ಮೂರು ದಿನವೂ ಹೌದು. ಅವಧಿಯೆಂದು ಖಚಿತಪಡಿಸಲು ‘ಕಾನ್’ ಸೇರಿಸಿ: ಮಿಕ್ಕಕಾನ್. ಫೋನಿನಲ್ಲಿ 4 ಅಥವಾ 8ನೇ ತಾರೀಖಿಗೆ ಭೇಟಿ ಗೊತ್ತುಮಾಡುವಾಗ ವಾರವನ್ನೂ ಹೇಳಿಬಿಡಿ: ‘ಯೋಕ ನೊ ಕಿನ್‌ಯೋಬಿ’, ಅಂದರೆ 8ನೇ ತಾರೀಖು ಶುಕ್ರವಾರ.